ಬಡಿಸದೆ ಉಳಿದ ಎಲೆ

ನೀರುದೋಸೆಯ ಹರಿವಾಣ ಹಿಡಿದುಕೊಂಡು ಬಂದ ದೀಪಶ್ರೀ ಹರಿಪ್ರಸಾದರ ಎಲೆಯ ಮುಂದೆ ನಿಂತಳು. ನಿಂತವಳು ಬಡಿಸಲಿಲ್ಲ. ಶಾಲೆಯ ಜಗಲಿಯಲ್ಲಿ ಸಾಲಾಗಿ ಕುಳಿತ ಉಳಿದವರ ಎಲೆಗೆಲ್ಲ ದೋಸೆಯೂ ಕಾಯಿಬೆಲ್ಲವೂ ಬಿದ್ದಾಗಿತ್ತು. ಖಾಲಿ ಉಳಿದದ್ದು ಇದೊಂದೇ.

ನಾರಾವಿ ಕಡೆಯ ಆ ಊರಿನಲ್ಲಿ ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಒಂದು ಭಾನುವಾರ ಶ್ರಮದಾನ. ಆ ದಿನದ ಬೆಳಗಿನ ತಿಂಡಿ ದೀಪಶ್ರೀಯ ಮನೆಯವರದ್ದು. ಯಾರೂ ಹೊರಿಸಿದ್ದಲ್ಲ, ಅತ್ತೆ ಸುಂದರಿ ಎಷ್ಟೋ ವರ್ಷದ ಹಿಂದೆ ತಾವಾಗಿ ಕೇಳಿ ತೆಗೆದುಕೊಂಡ ಕೆಲಸ. ಕಾವಲಿಯ ಮುಂದೆ ಅವರು ಕುಳಿತರೆಂದರೆ ಇಡೀ ಊರಿನ ಹೊಟ್ಟೆ ತುಂಬಿಸಿಯೇ ಏಳುತ್ತಿದ್ದರು. ಈ ಸಲ ಕಾವಲಿಯ ಮುಂದೆ ಅವರ ಮಗ ಅಶೋಕ. ಸುಂದರಿ ಗೋಡೆ ಬದಿಯ ಬೆಂಚಿನಲ್ಲಿ ಕುಳಿತಿದ್ದರು. ದೋಸೆ ಹೊಯ್ಯುತ್ತಿದ್ದ ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು.

ಆ ಕೈ ಹೋದದ್ದು ಹೇಗೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಸುಂದರಿಗೆ ಪಾರ್ಶ್ವವಾಯು ಬಡಿದ ದಿನ ಆಂಬುಲೆನ್ಸ್ ಬಂದಿತ್ತು. ಅವರ ಮನೆಗೆ ಹೋಗುವ ದಾರಿ ಹರಿಪ್ರಸಾದರ ರಬ್ಬರು ತೋಟದ ನಡುವೆ. ಆ ದಾರಿಗೆ ಗೇಟು, ಗೇಟಿಗೆ ಬೀಗ. ಹಗಲು ಹೊತ್ತಿನಲ್ಲೇ, ಗೇಟಿನ ಒಳಗೆ ನಿಂತುಕೊಂಡೇ ಈ ಮಹಾಶಯರು ಹೇಳಿದ್ದು ಇಷ್ಟು: "ಒಂದು ಸಲ ವಾಹನ ಬಿಟ್ಟರೆ ನಾಳೆ ಅದೇ ಹಕ್ಕು ಅಂತೀರಿ." ಅಶೋಕ ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನೀರು ಹರಿಯುವ ತೋಡು ಇಳಿಸಿ ಹತ್ತಿಸಿ, ಸುತ್ತು ದಾರಿಯಲ್ಲಿ ರಸ್ತೆಗೆ ತಂದ. ಸ್ವಲ್ಪ ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತು ಎಂದರು ಡಾಕ್ಟರು. ಇಂದಿಗೂ ಅವರನ್ನು ಆಸ್ಪತ್ರೆಗೆ ಒಯ್ಯುವುದು ಅದೇ ಕುರ್ಚಿಯಲ್ಲಿ. ಬಾಯಿ ಬೆಲ್ಲ, ಕರುಳು ಕತ್ತರಿ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷರೆಂದು ಇವತ್ತು ಬಿಳಿ ಪಂಚೆ ಉಟ್ಟು, ನಗುನಗುತ್ತಾ ಬಂದು ಪಂಕ್ತಿಯ ಮೊದಲ ಎಲೆಗೇ ಕುಳಿತಿದ್ದರು. ಆ ನಗು ನೋಡಿ ದೀಪಶ್ರೀಗೆ ಮೈಯೆಲ್ಲ ಉರಿದುಹೋಗಿತ್ತು.

"ಎಂಥಮ್ಮಾ, ನನಗಿಲ್ಲವಾ?" ಎಂದರು ಹರಿಪ್ರಸಾದ್.

"ಉಂಟು. ಗೇಟು ಯಾವಾಗ ತೆಗೀತೀರಿ ಹೇಳಿ. ಬಡಿಸ್ತೇನೆ."

ಎಲ್ಲರ ಎಲೆಗೂ ಬಡಿಸಿ ಆಗದೆ ಯಾರೂ ಕೈ ಹಾಕುವ ಹಾಗಿಲ್ಲ, ಅದು ಪಂಕ್ತಿಯ ನಿಯಮ. ಎಲೆಗಳ ಮೇಲೆ ದೋಸೆ ಆರತೊಡಗಿತು.

"ಅದೆಲ್ಲ ಇಲ್ಲಿ ಮಾತಾಡುವ ವಿಷಯವಾ?" ಹರಿಪ್ರಸಾದ್ ಆಚೀಚೆ ನೋಡಿದರು. ಅವರ ಕಡೆ ಯಾರೂ ನೋಡಲಿಲ್ಲ.

"ಮತ್ತೆಲ್ಲಿ? ಮನೆಗೆ ಬಂದರೆ ನಾಯಿ ಬಿಡ್ತೀರಿ. ಪಂಚಾಯತಿಗೆ ಕರೆದರೆ ಬರುದಿಲ್ಲ. ತಿನ್ನಲಿಕ್ಕೆ ಮಾತ್ರ ಬರ್ತೀರಿ."

ಅಶೋಕ ಕಾವಲಿ ಬಿಟ್ಟು ಓಡಿಬಂದ. "ದೀಪಾ, ಸುಮ್ಮನಿರು ಮಾರಾಯ್ತಿ. ಅನ್ನದ ಮೇಲೆ ಸಿಟ್ಟು ತೋರಿಸಬಾರದು."

"ಅನ್ನದ ಮೇಲೆ ಎಂಥ ಸಿಟ್ಟು ನನಗೆ? ನೀವು ಇಷ್ಟು ದಿನ ಸುಮ್ಮನಿದ್ದದ್ದು ಸಾಲದಾ?"

ಸಾಲಿನ ನಡುವಿನಿಂದ ಹಿರಿಯರೊಬ್ಬರು, ಬಡಿಸಿಬಿಡು ಮಗಾ, ಹಸಿದು ಕೂತವರನ್ನು ಕಾಯಿಸಬಾರದು ಎಂದರು. ದೀಪಶ್ರೀಗೆ ಅಳುವೇ ಬಂತು. ಗೇಟಿನ ಹೊರಗೆ ಕಾದದ್ದು ಇವರ್ಯಾರಿಗೂ ಲೆಕ್ಕಕ್ಕಿಲ್ಲ, ದೋಸೆಗೆ ಕಾದದ್ದು ದೊಡ್ಡದಾಯಿತು. ಆದರೂ ಹರಿವಾಣ ಕದಲಲಿಲ್ಲ.

ಆಗ ಬೆಂಚು ಕಿರುಗುಟ್ಟಿತು. ಸುಂದರಿ ಎದ್ದಿದ್ದರು. ಗೋಡೆಗೆ ಭುಜ ಕೊಟ್ಟುಕೊಂಡು, ಬಲಗಾಲು ಎಳೆಯುತ್ತಾ, ಒಂದೊಂದೇ ಹೆಜ್ಜೆ ಇಟ್ಟು ಬಂದರು. ಹಿಡಿದುಕೊಳ್ಳಲು ಹೋದ ಮಗನನ್ನು ಕಣ್ಣಲ್ಲೇ ದೂರ ನಿಲ್ಲಿಸಿದರು.

"ಅತ್ತೆ, ನೀವು ಬೇಡ," ಎಂದಳು ದೀಪಶ್ರೀ.

"ನಮ್ಮ ಕೈಯಿಂದ ಯಾರೂ ಉಪವಾಸ ಎದ್ದು ಹೋದದ್ದಿಲ್ಲ," ಎಂದರು ಸುಂದರಿ. ಮಾತು ತುಸು ತೊದಲುತ್ತಿತ್ತು, ಆದರೆ ಎಲ್ಲರಿಗೂ ಕೇಳಿಸಿತು. ಹರಿವಾಣಕ್ಕೆ ಎಡಗೈ ಹಾಕಿ, ಮಡಚಿದ ಒಂದು ದೋಸೆ ಎತ್ತಿ, ಹರಿಪ್ರಸಾದರ ಎಲೆಯ ನಡುವೆ ಇಟ್ಟರು.

ಎಡಗೈಯಲ್ಲಿ ಬಡಿಸಿದರೆಂದು ಮದುವೆಯ ಪಂಕ್ತಿಯಿಂದ ಎದ್ದುಹೋದವರ ಕಥೆಗಳು ಆ ಊರಿನಲ್ಲಿ ಬೇಕಾದಷ್ಟಿದ್ದವು. ಹರಿಪ್ರಸಾದರ ಮುಖ ಕಪ್ಪಿಟ್ಟಿತು.

"ಬೇಸರ ಮಾಡಬೇಡಿ ಅಣ್ಣ," ಎಂದರು ಸುಂದರಿ. "ನನಗೆ ಈಗ ಇದೊಂದೇ ಕೈ ಇರುವುದು."

ಎಲ್ಲ ಎಲೆಗೂ ಬಡಿಸಿ ಆಗಿತ್ತು. ಆದರೂ ಯಾರೂ ತಿನ್ನಲು ತೊಡಗಲಿಲ್ಲ. ಬಡಿಸಿಬಿಡು ಎಂದಿದ್ದ ಹಿರಿಯರೇ ಕೊನೆಗೆ ಮಾತೆತ್ತಿದರು.

"ಶುರು ಮಾಡಿ ಹರಿಪ್ರಸಾದಣ್ಣ. ಮೊದಲ ಎಲೆ ನಿಮ್ಮದು. ನೀವು ತಿನ್ನದೆ ನಾವು ಹೇಗೆ ತಿನ್ನುವುದು?"

ಸಾಲಿಗೆ ಸಾಲೇ ಅವರನ್ನು ನೋಡುತ್ತಾ ಕುಳಿತಿತ್ತು. ತೊಡೆಯ ಮೇಲಿದ್ದ ಅವರ ಬಲಗೈ ಮಾತ್ರ ಏಳಲಿಲ್ಲ.