ಅಮ್ಮನ ಎರಡು ಹೂ

ಹೂ ಬೀಳಲಿಲ್ಲ.

ಗುಡಿಯ ಅಮ್ಮನ ಬಲಭುಜದ ಮೇಲೊಂದು ಕಣಗಿಲೆ, ಎಡಭುಜದ ಮೇಲೊಂದು. ಪೂಜಾರಿ ಶಾಮಣ್ಣ ನೀರಿನಲ್ಲಿ ಅದ್ದಿ ಹಚ್ಚಿದ್ದ ಹೂಗಳು. ನೀರಾರಿ ಬಲದ್ದು ಉದುರಿದರೆ ಕಾವಲುಗಾರ ಬೋರಣ್ಣ ನಿರಪರಾಧಿ. ಎಡದ್ದು ಉದುರಿದರೆ ಅಮ್ಮನ ಬೆಳ್ಳಿ ಮುಖವಾಡ ಕದ್ದವನು ಅವನೇ. ಅಮ್ಮನ ಅಪ್ಪಣೆಗೆ ಊರೆಲ್ಲ ತಲೆಬಾಗುವುದೆಂದು ತೀರ್ಮಾನವಾಗಿತ್ತು.

ಬೋರಣ್ಣ ಕಂಬಕ್ಕೊರಗಿ ಕಣ್ಣು ಮುಚ್ಚಿ ಕುಳಿತಿದ್ದ. ಅವನ ಹೆಂಡತಿ ಬೈರಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಲದ ಹೂವನ್ನೇ ನೋಡುತ್ತಿದ್ದಳು. ಇದ್ದ ತುಂಡು ಹೊಲದ ಮೇಲೆ ಹೊಸ ಬಡಾವಣೆ ಜಯನಗರದ ಸೈಟುಗಳ ಕಲ್ಲು ನೆಟ್ಟಾಗಿತ್ತು. ಗಂಡ ಜೈಲಿಗೆ ಹೋಗಿ ಊರೂ ಬಿಡಬೇಕಾಗಿ ಬಂದರೆ ನಿಲ್ಲಲು ನೆಲವಿರಲಿಲ್ಲ.

"ಅಮ್ಮ ನೋಡ್ಕೋತಾಳೆ, ಸುಮ್ಕಿರು" ಎಂದಿದ್ದ ಬೋರಣ್ಣ. ಅವಳಿಗೆ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ಹೂ ಹಚ್ಚಿ ಶಾಮಣ್ಣ ಕೆರೆಗೆ ಹೋದಾಗ, ಅವಳು ಗುಡಿಯ ಹಿಂದಿನ ಹಲಸಿನ ಮರದ ಬಳಿ ಹೋದಳು. ಕಾಂಡದ ಮೇಲೆ ಆಗಲೇ ಕತ್ತಿಯ ಒಂದು ಹಸಿ ಕಚ್ಚು ಇತ್ತು, ಹಾಲು ಜಿನುಗುತ್ತಿತ್ತು. ಅಮ್ಮನೇ ದಾರಿ ತೋರಿಸಿದಳೆಂದುಕೊಂಡು ಬೆರಳಿಗೆ ಬಳಿದುಕೊಂಡಳು. ಅಮ್ಮನಿಗೆ ಮಾಲೆ ಹಾಕಬೇಕೆಂದು ಕೇಳಿದಾಗ ಗುಡಿಯ ಯಜಮಾನ ತಿಮ್ಮರಾಯಪ್ಪನವರು ತಾವೇ ಬೀಗ ತೆಗೆದುಕೊಟ್ಟರು. ಅವಳು ಎಡದ ಹೂವನ್ನು ಅಂಟಿಸಿ ಹೊರಬಂದಳು. ಅಷ್ಟರಲ್ಲಿ ಊರವರು ಬಂದುಬಿಟ್ಟರು. ಹಲಸಿನ ಅಂಟು ನೀರಿಗೆ ಬಿಡುವುದಿಲ್ಲ, ಎಣ್ಣೆಯೇ ಬೇಕು. ಬೆರಳುಗಳು ಇನ್ನೂ ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಬಿಸಿಲೇರಿತು. ಆ ಸೆಕೆಯಲ್ಲೂ ಶಾಲು ಹೊದ್ದಿದ್ದ ತಿಮ್ಮರಾಯಪ್ಪನವರು ಎಡದ ಹೂವನ್ನೇ ದಿಟ್ಟಿಸುತ್ತಿದ್ದರು.

"ಅದ್ಯಾಕೆ ಬೀಳ್ತಾ ಇಲ್ಲ?" ಎಂದು ಗೊಣಗಿದರು. ಕೊನೆಗೆ ಎದ್ದು ನಿಂತರು. "ಸಾಕು, ನಡೀರಿ. ಕಳ್ಳನಿಗೆ ಅಮ್ಮ ಹೂ ಯಾಕೆ ಕೊಡ್ತಾಳೆ? ಮುನಿಸ್ಕೊಂಡಿದ್ದಾಳೆ. ಪೊಲೀಸ್ನೋರಿಗೆ ಹೇಳಿಕಳಿಸಿ."

ಬೋರಣ್ಣ ಕಣ್ಣು ತೆರೆದು ಅಮ್ಮನನ್ನು ನೋಡಿದ. ದೂರು ಹೇಳುವ ನೋಟವಲ್ಲ, ಮಗು ತಾಯಿಯನ್ನು ನೋಡುವ ನೋಟ. ಬೈರಮ್ಮ ಎದ್ದಳು. ಅಮ್ಮ ಮುನಿದದ್ದು ಅವನ ಮೇಲಲ್ಲ, ತನ್ನ ಮೇಲೆ.

"ತಪ್ಪಾಯ್ತು ತಾಯೀ!" ಎಂದು ಹೊಸ್ತಿಲಿಗೆ ಬಿದ್ದಳು. "ಅವರದೇನೂ ತಪ್ಪಿಲ್ಲ. ನಂಬಿಕೆಗೆಟ್ಟೋಳು ನಾನು. ಎಡದ ಹೂವ ನಾನೇ ಅಂಟಿಸ್ದೆ. ನೋಡಿ, ನನ್ನ ಕೈ ನೋಡಿ."

ಗುಡಿಯಲ್ಲಿ ಗದ್ದಲವಾಯಿತು.

"ಅಯ್ಯಯ್ಯೋ, ಅಮ್ಮನ ಮೈ ಮುಟ್ಟಿದ್ಯೇನೇ!"

"ಹೆಂಡ್ತೀನೇ ಹಿಂಗಾದ್ರೆ ಗಂಡ ಇನ್ನೆಂಥೋನೋ!"

"ಕೇಳಿದ್ರಲ್ಲ?" ತಿಮ್ಮರಾಯಪ್ಪನವರ ಮುಖ ಅರಳಿತು. "ಇನ್ನೇನ್ ಬೇಕು? ಎಳ್ಕೊಂಡ್ ಹೋಗಿ ಇಬ್ಬರನ್ನೂ."

"ವಸಿ ತಡೀರಿ, ಯಜಮಾನ್ರೇ" ಎಂದ ಶಾಮಣ್ಣ. ಎಡದ ಹೂವನ್ನು ಹಿಡಿದೆಳೆದ. ಬಿಳಿಯ ಅಂಟು ನೂಲಿನಂತೆ ಜಗ್ಗಿತು. "ಇದು ಇವಳ ಕೆಲಸ, ಒಪ್ಕೊಂಡ್ಳು. ಆದ್ರೆ ಬಲದ್ದು ಯಾಕೆ ಬೀಳ್ಲಿಲ್ಲ?"

ಬಲದ ಹೂವನ್ನು ಹಿಡಿದೆಳೆದ. ಅಲ್ಲೂ ಅದೇ ಬಿಳಿ ನೂಲು.

"ಇದೂ ನೀನೇನಾ, ಬೈರಮ್ಮ?"

"ಇಲ್ಲ ಶಾಮಣ್ಣ, ಅಮ್ಮನಾಣೆ ಇಲ್ಲ. ಬಲದ್ದು ಬೀಳ್ಲಿ ಅಂತ ತಾನೇ ನಾನು..." ಹಲಸಿನ ಮರದ ಹಸಿ ಕಚ್ಚು ಅವಳ ಕಣ್ಣ ಮುಂದೆ ಬಂತು.

ಶಾಮಣ್ಣ ಒಂದು ಗಳಿಗೆ ಅಮ್ಮನ ಮುಖ ನೋಡಿದ. ಆಮೇಲೆ ತೀರ್ಥದ ತಂಬಿಗೆ ಎತ್ತಿಕೊಂಡ.

"ಎಲ್ಲರೂ ಬಲಗೈ ಚಾಚ್ರಪ್ಪ, ತೀರ್ಥ ಕೊಡ್ತೀನಿ."

ಬೋರಣ್ಣನ ಕೈ ಎಲ್ಲರಿಗಿಂತ ಮೊದಲು ಚಾಚಿತು. ಒಂದೊಂದಾಗಿ ಊರಿನ ಕೈಗಳೆಲ್ಲ ಚಾಚಿದವು.

ತಿಮ್ಮರಾಯಪ್ಪನವರ ಕೈ ಮಾತ್ರ ಶಾಲಿನಿಂದ ಹೊರಗೆ ಬರಲಿಲ್ಲ.