ಅಜ್ಜಿ ಕೈಮುಗಿದ ಹಕ್ಕಿ

ಮೃಗಾಲಯದಲ್ಲಿ ಜವರಪ್ಪ ನೋಡಿಕೊಳ್ಳುತ್ತಿದ್ದುದು ಫಿಲಿಪ್ಪೀನ್ಸಿನ ಹದ್ದನ್ನು. ಪಕ್ಕದ ಪಂಜರದ ಕೆಲಸಗಾರ ಮರಿಸಿದ್ದ ನೋಡಿಕೊಳ್ಳುತ್ತಿದ್ದುದು ಅಮೆಜಾನ್ ಕಾಡಿನ ಹಾರ್ಪಿ ಹದ್ದನ್ನು. ಎರಡೂ ಜಾತಿಗೆ ಅಳಿಯುವ ಭಯವಿತ್ತು. ಇವರ ಜಗಳಕ್ಕೆ ಮಾತ್ರ ಆ ಭಯವಿರಲಿಲ್ಲ.

"ನನ್ನದರ ಜುಟ್ಟು ನೋಡಲೇ, ಎಂಥಾ ರಾಜಕಳೆ!" ಎಂದ ಜವರಪ್ಪ.

"ಜುಟ್ಟು ಕಟ್ಕೊಂಡು ಏನ್ಲಾ ಮಾಡ್ತೀಯ? ನನ್ನದರ ಉಗುರು ನೋಡು, ಕರಡಿಗೂ ಇಂಥದ್ದಿಲ್ಲ!"

ಯಾರ ಹದ್ದು ಹೆಚ್ಚೆಂಬುದರಲ್ಲಿ ಸೋತವನು ತಿಂಗಳಿಡೀ ಎರಡೂ ಪಂಜರದ ಹಿಕ್ಕೆ ಬಳಿಯಬೇಕೆಂದು ಪಂದ್ಯವಾಯಿತು. ಜವರಪ್ಪ ಕೋಳಿಮಾಂಸದ ಬಕೆಟ್ಟನ್ನು ಕೆಳಗಿಟ್ಟು, ಅತ್ತ ಬಂದ ಅಜ್ಜಿಯೊಬ್ಬರನ್ನು ತೀರ್ಪಿಗೆ ಕರೆದ.

ಅಜ್ಜಿ ಎರಡನ್ನೂ ದಿಟ್ಟಿಸಿದರು. ಆಮೇಲೆ ಥಟ್ಟನೆ ಚಪ್ಪಲಿ ಬಿಟ್ಟು ಕೈಮುಗಿದು, ಕೆನ್ನೆ ಬಡಿದುಕೊಂಡರು.

ಜವರಪ್ಪನ ಎದೆ ಉಬ್ಬಿತು. "ನನ್ನದಕ್ಕೇ ತಾನೇ ಅಜ್ಜೀ?"

"ಅಯ್ಯೋ, ಇವುಕ್ಕೆಲ್ಲ ಯಾಕಪ್ಪ ಕೈಮುಗೀಲಿ? ಮೇಲೆ ನೋಡು, ಗರುಡ ದೇವ್ರು! ನಿನ್ನ ಬಕೆಟ್ಟಿನ ಕೋಳಿ ಎತ್ಕೊಂಡು ಹೋಗ್ತಾವ್ನೆ."