ನೂರು ಕಿಲೋಮೀಟರಿನ ಓಣಿ

ವಾಹನ ಓಡಿದಷ್ಟು ಕಿಲೋಮೀಟರಿನ ಸುಂಕ ಆಯಾ ರಸ್ತೆಗೇ ಜಮೆಯಾಗುತ್ತಿತ್ತು. ನೂರು ಕಿಲೋಮೀಟರ್ ತುಂಬಿದರೆ ಮಾತ್ರ ಅದಕ್ಕೆ ಡಾಂಬರು. ಗದಗಿನ ಬಳೆಗಾರ ಓಣಿಯ ತುಂಬ ಗುಂಡಿಗಳು, ಉದ್ದ ಮಾತ್ರ ಇನ್ನೂರೇ ಮೀಟರ್. ಮಗಳು ದ್ರಾಕ್ಷಾಯಣಿ ಹೆರಿಗೆಗೆ ಬಂದಂದಿನಿಂದ ಶೇಖಪ್ಪ ಬೆಳಗಿನ ಚಹಾ ಕುಡಿದವನೇ ಕಾರು ಹತ್ತಿ, ಓಣಿಯ ಆ ತುದಿಯಿಂದ ಈ ತುದಿಗೆ ಓಡಿಸುತ್ತಿದ್ದ. ನೆರೆಯವರೂ ಸರದಿಯಂತೆ ಓಡಿಸಿದರು.

"ದವಾಖಾನಿಗೆ ಹೋಗುಮುಂದ ನಿನ್ನ ಹೊಟ್ಟಿ ಕುಲುಕಬಾರದು ನೋಡವಾ," ಎನ್ನುತ್ತಿದ್ದ.

ಗುರುವಾರ ನೂರು ತುಂಬಿತು. ಕಾರು ಮನೆ ಮುಂದೆ ನಿಂತದ್ದೇ ತಡ, ಓಣಿಯ ಎರಡೂ ತುದಿಯಲ್ಲಿ ನೆಲದಿಂದ ಕಂಬಗಳೆದ್ದವು.

"ಧನ್ಯವಾದಗಳು. ದುರಸ್ತಿಗಾಗಿ ಮೂರು ತಿಂಗಳು ವಾಹನ ಸಂಚಾರ ಬಂದ್," ಎಂದಿತು ಕಂಬದೊಳಗಿಂದ ರಸ್ತೆಯ ದನಿ.

ಒಂಬತ್ತು ತಿಂಗಳು ತುಂಬಿದ ದ್ರಾಕ್ಷಾಯಣಿ ಬಾಗಿಲಲ್ಲಿ ನಿಂತು ನಕ್ಕಳು. "ಅಪ್ಪಾ, ಮೂರು ತಿಂಗಳು ತಡಿ ಅಂತ ಈ ಕೂಸಿಗೆ ನೀನ ಹೇಳು."